ಮಾಗಿಯ ಮದುವಣಗಿತ್ತಿಯ ಮುಡಿ

ಕಾರ್ತಿಕಮಾಸದಲ್ಲಿ ತುಳಸಿಯ ವಿವಾಹವು ಮುಗಿಯಿತೆಂದರೆ ನಮ್ಮ ನಾಡಿನಲ್ಲಿ ಲಗ್ನಪತ್ರಿಕೆಗಳ ಓಡಾಟವು ಆರಂಭವಾಗುತ್ತದೆ. ಮಾರ್ಗಶಿರದ ಮೊದಲ ದಿನಗಳಲ್ಲಿ ಕೆಲವು ಮುಹೂರ್ತಗಳು. ಬಳಿಕ ಧನುರ್ಮಾಸದ ಬಿಡುವು. ಮಕರಸಂಕ್ರಮಣವು ಕಳೆದ ಮೇಲೆ ಮಾಘದ ಮುಹೂರ್ತಗಳು. ಚಳಿಗಾಲದ ಮದುವೆಗಳೆಂದರೆ ಪ್ರಾಯಶಃ ಇವೇ. ಆಶ್ವಲಾಯನ ಗೃಹ್ಯಸೂತ್ರವು ವಿವಾಹಕ್ಕೆ ಉತ್ತರಾಯಣವನ್ನೂ ಶುಕ್ಲಪಕ್ಷವನ್ನೂ ಹೇಳಿ, ಸರ್ವಕಾಲದಲ್ಲಿಯೂ ಆಗಬಹುದೆಂಬುದು ಕೆಲವರ ಮತವೆಂದು ಕೂಡಿಸಿರುವುದರಿಂದ ಇವಕ್ಕೆ ಶಾಸ್ತ್ರದ ಅಡ್ಡಿಯೇನೂ ಇಲ್ಲ. ಅಡ್ಡಿಯಿರುವುದು ಹೂವಿನದು. ಮದುವಣಗಿತ್ತಿಗೆ ಮೊಗ್ಗಿನ ಜಡೆಯೇ ಆಗಬೇಕು, ಅದೇ ಅನಾದಿಯಿಂದ ಬಂದ ಸಂಪ್ರದಾಯ ಎಂದು ಮನೆಯವರು ಹಟಹಿಡಿಯುತ್ತಾರೆ. ದುಂಡುಮಲ್ಲಿಗೆಯ ಗಿಡವಾದರೋ ಆ ದಿನಗಳಲ್ಲಿ ರೆಂಬೆಗಳನ್ನು ಸವರಿಸಿಕೊಂಡು ಬೋಳಾಗಿ ನಿಂತಿರುತ್ತದೆ. ಎಲ್ಲಿಯೋ ಒಂದೆಡೆ ದೊರೆತ ಮೊಗ್ಗಿಗೆ ಕೇಳಿದಷ್ಟು ಬೆಲೆಯನ್ನು ಕೊಟ್ಟು, ಹೆಣ್ಣು ಹೆತ್ತವರು ಮದುವೆಯ ಸಾಲದೊಡನೆ ಹೂವಿನ ಸಾಲವನ್ನೂ ಹೊರುವರು. ಆದುದರಿಂದ ಈ ಸಂಪ್ರದಾಯವು ಎಷ್ಟು ಹಳೆಯದು, ಯಾವ ಋತುವಿನದು, ಯಾವ ವಯಸ್ಸಿನ ವಧುವಿಗೆ ತಕ್ಕುದಾಗಿ ಬೆಳೆಯಿತು ಎಂಬುದನ್ನು ವಿಚಾರಿಸುವುದು ಅನುಚಿತವಾಗಲಾರದು.

ವಧುವಿನ ಕೇಶದ ವಿಚಾರವು ನಮ್ಮಲ್ಲಿ ಬಹು ಪ್ರಾಚೀನವಾದುದು. ಋಗ್ವೇದದ ಹತ್ತನೆಯ ಮಂಡಲದಲ್ಲಿರುವ ವಿವಾಹಸೂಕ್ತದಲ್ಲಿ ಸೂರ್ಯೆಯೆಂಬ ವಧುವಿಗೆ ಛಂದಸ್ಸುಗಳೇ ಶಿರೋಭೂಷಣವಾದುವೆಂಬ ವರ್ಣನೆಯಿದೆ. ಅಲ್ಲಿ ಬರುವ ಕುರೀರ, ಓಪಶ ಎಂಬ ಶಬ್ದಗಳು ತಲೆಯ ತೊಡವನ್ನೋ ಕೇಶಬಂಧವನ್ನೋ ಹೇಳುವವೆಂದು ಪಂಡಿತರು ಗ್ರಹಿಸಿರುವರು. ಇದಕ್ಕಿಂತಲೂ ಸ್ಪಷ್ಟವಾದ ಸಂಗತಿಯು ಆಶ್ವಲಾಯನರಲ್ಲಿದೆ. ಲಾಜಾಹೋಮವಾದ ಮೇಲೆ, ಸಪ್ತಪದಿಗೆ ಮುಂಚೆ, ವಧುವಿನ ತಲೆಯ ಎರಡು ಪಕ್ಕಗಳಲ್ಲಿ ಉಣ್ಣೆಯ ಕುಚ್ಚುಗಳನ್ನು ಸೇರಿಸಿ ಕಟ್ಟಿದ ಶಿಖೆಗಳಿದ್ದಲ್ಲಿ ವರನು ಅವನ್ನು ಮಂತ್ರಪೂರ್ವಕವಾಗಿ ಬಿಚ್ಚಬೇಕು. ವರುಣನ ಪಾಶದಿಂದ ಬಿಡುಗಡೆ ಎಂಬುದು ಆ ಮಂತ್ರದ ಭಾವ. ನಮ್ಮ ಶಾಸ್ತ್ರಗಳಲ್ಲಿ ಕಾಣುವ ಮದುವಣಗಿತ್ತಿಯ ಮುಡಿಯಲ್ಲಿ ಮೊದಲು ಕೈಗೆ ತಗಲುವುದು ಹೂವಲ್ಲ, ಉಣ್ಣೆ! ಜಡೆಯ ತುದಿಗೆ ಈಗ ಕಟ್ಟುವ ಕುಚ್ಚು ಇದರ ಸಂತತಿಯೆಂದು ಹೇಳಲು ನಾಲಗೆಯು ತುರಿಸುತ್ತದೆ. ನಡುವಣ ಕೊಂಡಿಗಳಿಗೆ ಆಧಾರವಿಲ್ಲದೆ ಹಾಗೆ ಹೇಳುವುದು ಇತಿಹಾಸವಾಗಲಾರದು.

ಕಾವ್ಯಗಳ ಕಾಲಕ್ಕೆ ಬಂದರೆ ಕುಮಾರಸಂಭವದ ಏಳನೆಯ ಸರ್ಗವು ಈ ವಿಷಯಕ್ಕೆ ಕನ್ನಡಿಯಂತಿದೆ. ಪಾರ್ವತಿಗೆ ಮಂಗಳಸ್ನಾನವಾದ ಬಳಿಕ ಒಬ್ಬ ಪ್ರಸಾಧಿಕೆಯು ಧೂಪದ ಬಿಸಿಯಿಂದ ಅವಳ ಕೂದಲಿನ ತೇವವನ್ನು ಕಳೆದು, ಒಳಗೆ ಹೂಗಳನ್ನಿಟ್ಟು, ಗರಿಕೆಯನ್ನು ಸೇರಿಸಿ ಕಟ್ಟಿದ ನಸುಬಿಳುಪಿನ ಹಿಪ್ಪೆಹೂವಿನ ಮಾಲೆಯಿಂದ ಮುಡಿಯನ್ನು ಸುತ್ತಿ ಬಂಧಿಸುತ್ತಾಳೆ. ಇಲ್ಲಿ ವಾಚಕರು ಮೂರು ಅಂಶಗಳನ್ನು ಗಮನಿಸಬೇಕು. ಮೊದಲು ಕೂದಲನ್ನು ಒಣಗಿಸುವುದು. ಎರಡನೆಯದಾಗಿ ಹೂವನ್ನು ಕೂದಲಿನ ಒಳಗೆ ಅಡಗಿಸುವುದು. ಮೂರನೆಯದಾಗಿ ಅದು ಇಳಿಬಿಟ್ಟ ಜಡೆಯಲ್ಲ, ಕಟ್ಟಿದ ಮುಡಿ. ಸಾಕ್ಷಾತ್ ಪಾರ್ವತಿಗೂ ಮಹಾಕವಿಯು ಕೊಟ್ಟದ್ದು ಕಾಡಿನ ಹಿಪ್ಪೆಯ ಹೂವನ್ನೂ ಅಂಗಳದ ಗರಿಕೆಯನ್ನೂ ಎಂಬುದು ಬೇರೆಯ ಮಾತು.

ಅಮರಸಿಂಹನು ಕಬರೀ, ಧಮ್ಮಿಲ್ಲ, ವೇಣಿ ಎಂದು ಕೇಶಬಂಧಗಳ ಹೆಸರನ್ನು ಬಿಡಿಸಿ ಹೇಳಿದ್ದಾನೆ. ಧಮ್ಮಿಲ್ಲವೆಂದರೆ ಒಟ್ಟುಗೂಡಿಸಿ ಕಟ್ಟಿದ ಮುಡಿ, ನಮ್ಮ ತುರುಬು. ವೇಣಿಯೆಂದರೆ ಹೆಣೆದ ಜಡೆ. ಸಂಸ್ಕೃತ ಕಾವ್ಯಗಳ ಪರಿಚಯವುಳ್ಳವರಿಗೆ ಏಕವೇಣಿಯೆಂದೊಡನೆ ನೆನಪಾಗುವವಳು ಮದುವಣಗಿತ್ತಿಯಲ್ಲ; ಅಶೋಕವನದ ಸೀತೆ, ಅಲಕಾಪುರಿಯ ಯಕ್ಷಪತ್ನಿ. ಅಲಂಕಾರವಿಲ್ಲದೆ ಒಂದೇ ಹೆಣಿಗೆಯಾಗಿ ಬಿಟ್ಟ ಕೂದಲು ಪತಿಯನ್ನು ಅಗಲಿದವಳ ಗುರುತು. ಇಂದಿನ ಅಲಂಕೃತವಾದ ಜಡೆಗೂ ಆ ಮಾಸಿದ ಏಕವೇಣಿಗೂ ಸಾಮ್ಯವಿಲ್ಲವೆಂಬುದು ನಿಜ. ಆದರೆ ಒಂಟಿ ಜಡೆಯೇ ವಧುವಿನ ಸನಾತನ ಲಕ್ಷಣವೆಂದು ವಾದಿಸುವವರು ಈ ಪ್ರಸಂಗಗಳನ್ನು ಒಮ್ಮೆ ಓದಿಕೊಳ್ಳುವುದು ಒಳ್ಳೆಯದು.

ಕನ್ನಡನಾಡಿನ ಸಾಕ್ಷ್ಯವೂ ಹೀಗೆಯೇ ಇದೆ. ವಿಷ್ಣುವರ್ಧನನು ೧೧೧೭ರಲ್ಲಿ ಪ್ರತಿಷ್ಠೆಮಾಡಿಸಿದ ಬೇಲೂರಿನ ಚೆನ್ನಕೇಶವ ದೇವಾಲಯದ ಮದನಿಕೆಯರನ್ನು ನೋಡಬಹುದು. ಹಣೆಯ ಅಂಚಿನಲ್ಲಿ ಸುರುಳಿಸುರುಳಿಯಾದ ಮುಂಗುರುಳು. ಹಿಂದೆ ಅಥವಾ ಒಂದು ಪಕ್ಕಕ್ಕೆ ದುಂಡನೆಯ ದೊಡ್ಡ ತುರುಬು. ಅದಕ್ಕೆ ಸುತ್ತಿದ ಮಾಲೆ. ಜಡೆಯೇ ಇಲ್ಲವೆನ್ನಲಾರೆವು, ತುರುಬೇ ಹೆಚ್ಚು. ಅದೇ ಶತಮಾನದಲ್ಲಿ, ೧೧೩೧ರ ಸುಮಾರಿಗೆ, ಕಲ್ಯಾಣದ ಚಾಳುಕ್ಯರ ಮೂರನೆಯ ಸೋಮೇಶ್ವರನು ಮಾನಸೋಲ್ಲಾಸವನ್ನು ರಚಿಸಿದನು. ಅದರಲ್ಲಿ ರಾಜಭೋಗಗಳನ್ನು ಇಪ್ಪತ್ತಾಗಿ ವಿಂಗಡಿಸಿ, ಮಾಲ್ಯಭೋಗಕ್ಕೂ ಧೂಪಭೋಗಕ್ಕೂ ಪ್ರತ್ಯೇಕ ಸ್ಥಾನವನ್ನಿತ್ತಿದ್ದಾನೆ. ಹೂ ಮುಡಿಯುವುದನ್ನು ಒಂದು ವಿದ್ಯೆಯೆಂದು ಎಣಿಸಿದ ನಾಡು ಇದು. ೧೪೪೩ರಲ್ಲಿ ವಿಜಯನಗರಕ್ಕೆ ಬಂದ ಪಾರಸಿಕ ರಾಯಭಾರಿ ಅಬ್ದುಲ್ ರಜಾಕನು ಅಲ್ಲಿಯ ಬೀದಿಗಳಲ್ಲಿ ಗುಲಾಬಿಯ ಮಾರಾಟವನ್ನು ಕಂಡು, ಈ ಜನಕ್ಕೆ ಅದು ಆಹಾರದಷ್ಟೇ ಅವಶ್ಯಕವೆಂಬ ಭಾವದಲ್ಲಿ ಬರೆದಿಟ್ಟಿದ್ದಾನೆ.

ಹಾಗಾದರೆ ಮೊಗ್ಗಿನ ಜಡೆ? ಅದು ಹುಟ್ಟಿದ ವರ್ಷವನ್ನು ಹುಡುಕುವುದಕ್ಕಿಂತ ಅದನ್ನು ಮಾಡುವ ಕ್ರಮವನ್ನು ನೋಡಿದರೆ ಅದರ ಸ್ವಭಾವವು ಹೆಚ್ಚು ತಿಳಿಯಬರುತ್ತದೆ. ಬಾಳೆಯ ಪಟ್ಟೆಯನ್ನು ಜಡೆಯ ಉದ್ದಕ್ಕೆ ಸೀಳಿಕೊಳ್ಳುವರು. ಈಗೀಗ ರಟ್ಟನ್ನು ಉಪಯೋಗಿಸುವುದೂ ಉಂಟು. ಮುಂಜಾನೆ ಕೊಯ್ದ, ಬಿರಿಯದ ದುಂಡುಮೊಗ್ಗುಗಳನ್ನು ಒಂದೇ ಗಾತ್ರಕ್ಕೆ ಆಯ್ದು, ದಾರಕ್ಕೆ ಪೋಣಿಸಿ, ಸಾಲುಸಾಲಾಗಿ ಆ ಪಟ್ಟೆಗೆ ಹೊಲಿಯಬೇಕು. ನಡುನಡುವೆ ಕನಕಾಂಬರದ ಕೆಂಪು, ಮರುಗದ ಹಸುರು. ಹೊಲಿದ ಪಟ್ಟೆಯನ್ನು ಹೆರಳಿನ ಮೇಲಿಟ್ಟು ಬಿಗಿಯುವರು. ನೆತ್ತಿಯ ಹಿಂದೆ ರಾಗಟೆ, ಅದರ ಕೆಳಗೆ ಕೇದಗೆ, ನಾಗರ, ಜಡೆಬಿಲ್ಲೆಗಳು, ತುದಿಯಲ್ಲಿ ಕುಚ್ಚು. ಬೆಳಗಿನ ಮುಹೂರ್ತಕ್ಕೆ ಮುತ್ತಿನಂತಿದ್ದ ಸಾಲುಗಳು ಸಂಜೆಯ ಆರತಿಯ ಹೊತ್ತಿಗೆ ಒಂದೊಂದಾಗಿ ಬಿರಿದು, ಮೊಗ್ಗಿನ ಜಡೆಯೇ ಹೂವಿನ ಜಡೆಯಾಗುತ್ತದೆ. ಇಷ್ಟು ಬುದ್ಧಿವಂತಿಕೆಯ ಕಲೆಯನ್ನು ಹಳಿಯುವ ಉದ್ದೇಶವು ನಮಗಿಲ್ಲ. ಆದರೆ ಇದು ಮಲ್ಲಿಗೆಯು ಬುಟ್ಟಿಬುಟ್ಟಿಯಾಗಿ ಬರುವ ಚೈತ್ರ ವೈಶಾಖಗಳ ಕಲೆ. ವಧುವಿಗೇ ಮೀಸಲಾದುದೂ ಅಲ್ಲ. ಬೇಸಗೆಯಲ್ಲಿ ಮನೆಯ ಚಿಕ್ಕ ಹುಡುಗಿಯರಿಗೆ ಹಾಕಿಸುತ್ತಿದ್ದರು, ಸೀಮಂತದ ಗರ್ಭಿಣಿಗೂ ಹಾಕುತ್ತಿದ್ದರು. ಛಾಯಾಚಿತ್ರದ ಅಂಗಡಿಗಳು ಬಂದ ಮೇಲೆ, ಹಿಂದೆ ನಿಲುಗನ್ನಡಿಯನ್ನಿಟ್ಟು ಮುಖವೂ ಜಡೆಯೂ ಒಂದೇ ಪಟದಲ್ಲಿ ಕಾಣುವಂತೆ ತೆಗೆಸಿದ ಚಿತ್ರಗಳು ಅನೇಕ ಮನೆಗಳ ಗೋಡೆಯ ಮೇಲೆ ಇಂದಿಗೂ ಇವೆ.

ಆ ಚಿತ್ರಗಳಲ್ಲಿ ಹಳೆಯವನ್ನು ಸ್ವಲ್ಪ ಹೊತ್ತು ನಿಂತು ನೋಡಬೇಕು. ಜಡೆಯು ಸೊಂಟವನ್ನು ದಾಟಿರುತ್ತದೆ. ಕನ್ನಡಿಯ ಮುಂದಿರುವ ಮುಖವು ಹಾಲುಗಲ್ಲದ ಮಗುವಿನದು. ಎಂಟು ಹತ್ತು ವರ್ಷದ ಹುಡುಗಿಗೆ ಅಷ್ಟು ಕೂದಲು ಎಲ್ಲಿಂದ ಬರಬೇಕು? ಚೌರಿಯನ್ನು ಸೇರಿಸಿ, ಪಟ್ಟೆಯನ್ನು ಬಿಗಿದು, ಮಗುವಿನ ಬೆನ್ನಿಗೆ ಹೆಂಗಸಿನ ಜಡೆಯನ್ನು ತೂಗಹಾಕಿದ್ದಾರೆ. ಕೂದಲನ್ನು ಮುಚ್ಚಿಬಿಡುವ ಈ ಅಲಂಕಾರವು ಮದುವೆಯಲ್ಲಿ ಇಷ್ಟು ಬಲವಾಗಿ ಬೇರೂರಿದುದಕ್ಕೆ ವಧುವಿನ ಎಳೆಯ ವಯಸ್ಸೇ ಒಂದು ಮುಖ್ಯ ಕಾರಣವೆಂದು ನಮ್ಮ ಅಭಿಪ್ರಾಯ. ತುರುಬು ಕಟ್ಟಲು ಕೂದಲು ಬೇಕು. ಪಟ್ಟೆಯ ಜಡೆಗೆ ಅದು ಅಷ್ಟಾಗಿ ಬೇಡ.

ಆ ಕಾಲದ ವಿವಾಹವಯಸ್ಸನ್ನು ತಿಳಿಯಲು ಕಾನೂನುಗಳೇ ಸಾಕು. ಮೈಸೂರು ಸಂಸ್ಥಾನವು ೧೮೯೪ರಲ್ಲಿ ನಿಬಂಧನೆಯೊಂದನ್ನು ಮಾಡಿ ನಿಷೇಧಿಸಿದ್ದು ಎಂಟು ವರ್ಷ ತುಂಬದ ಹೆಣ್ಣುಮಕ್ಕಳ ಮದುವೆಯನ್ನು. ಅಷ್ಟಕ್ಕೇ ಆಗ ಕೋಲಾಹಲವೆದ್ದಿತು! ೧೯೨೯ರ ಶಾರದಾ ಕಾಯಿದೆಯು ಆ ವಯಸ್ಸನ್ನು ಹದಿನಾಲ್ಕಕ್ಕೂ, ೧೯೭೮ರ ತಿದ್ದುಪಡಿಯು ಹದಿನೆಂಟಕ್ಕೂ ಏರಿಸಿದುವು. ಇನ್ನು, ಅಂದು ಹಾಗೆ ಜಡೆ ಹಾಕಿಸಿಕೊಂಡ ಮಗುವಿನ ಗಂಡನು ತೀರಿಹೋದರೆ, ಕೆಲವು ಜಾತಿಗಳಲ್ಲಿ, ವಿಶೇಷವಾಗಿ ನಮ್ಮ ಬ್ರಾಹ್ಮಣರಲ್ಲಿ, ಅದೇ ತಲೆಗೆ ಕ್ಷೌರಿಕನ ಕತ್ತಿಯು ಬರುತ್ತಿದ್ದಿತು. ಮಗುವಾಗಿದ್ದಾಗ ಬಿಟ್ಟಿದ್ದರೂ ದೊಡ್ಡವಳಾದ ಮೇಲೆ ಬಿಡುತ್ತಿರಲಿಲ್ಲ. ಗುಲ್ವಾಡಿ ವೆಂಕಟರಾಯರು ೧೮೯೯ರಲ್ಲಿ ಪ್ರಕಟಿಸಿದ ಇಂದಿರಾಬಾಯಿ ಕಾದಂಬರಿಯು ವಿಧವೆಯ ಪುನರ್ವಿವಾಹವನ್ನು ವಸ್ತುವಾಗಿಸಿಕೊಂಡಿತು. ೧೯೭೬ರಲ್ಲಿ ಪ್ರಕಟವಾದ ಎಂ. ಕೆ. ಇಂದಿರಾ ಅವರ ಫಣಿಯಮ್ಮದಲ್ಲಿ ಬಾಲವಿಧವೆಯೊಬ್ಬಳ ಬಾಳೆಲ್ಲವೂ ಬೋಳುತಲೆಯಲ್ಲಿಯೇ ಸಾಗುತ್ತದೆ. ಜಡೆಯ ಇತಿಹಾಸವನ್ನು ಬರೆಯುವವನು ಈ ಭಾಗವನ್ನು ಹಾರಿಸಿ ಮುಂದಕ್ಕೆ ಹೋಗುವುದು ನ್ಯಾಯವಲ್ಲ. ಒಂದೇ ಪೆಟ್ಟಿಗೆಯಲ್ಲಿ ಜಡೆಬಿಲ್ಲೆಯೂ ಕೆಂಪು ಸೀರೆಯೂ ಮಡಿಚಿಟ್ಟಿದ್ದ ಮನೆಗಳು ಎಷ್ಟೋ ಇದ್ದುವು. ಮೊದಲನೆಯದು ಮದುವೆಯ ಕುರುಹು, ಎರಡನೆಯದು ಮಡಿಹೆಂಗಸಿನದು.

ಇಂದು ಮದುವಣಗಿತ್ತಿಯು ಬೆಳೆದವಳು. ಕೂದಲು ಅವಳದು, ಆಯ್ಕೆಯೂ ಅವಳದು. ಆದುದರಿಂದ ಮಾಗಿಯಲ್ಲಿ ಮದುವೆಯಾಗುವವಳಿಗೆ ಮಾಗಿಯ ಹೂವೇ ಏಕೆ ಆಗಬಾರದು? ಮೇಘದೂತದಲ್ಲಿ ಅಲಕೆಯ ಸ್ತ್ರೀಯರು ಆರು ಋತುಗಳ ಹೂಗಳನ್ನೂ ಒಮ್ಮೆಗೇ ಧರಿಸುತ್ತಾರೆಂಬ ವರ್ಣನೆಯುಂಟು. ಆ ಪಟ್ಟಣದ ಒಡೆಯನು ಕುಬೇರನೆಂಬುದನ್ನು ಮಾತ್ರ ಹೆಣ್ಣು ಹೆತ್ತವರು ಮರೆಯಬಾರದು. ಅದೇ ವರ್ಣನೆಯಲ್ಲಿ ಮುಂಗುರುಳಿಗೆ ಸಿಕ್ಕಿಸಿದ ಹೂವು ಕುಂದ. ಅಮರನು ಕುಂದಕ್ಕೆ ಮಾಘ್ಯವೆಂಬ ಪರ್ಯಾಯವನ್ನು ಕೊಟ್ಟಿದ್ದಾನೆ, ಮಾಘದಲ್ಲಿ ಅರಳುವುದೆಂದರ್ಥ. ನಮ್ಮ ಪೇಟೆಗಳಲ್ಲಿ ಕಾಕಡವೆಂದು ಮಾರುವ ಹೂವು ಈ ಕುಂದದ ಜಾತಿಯದೇ. ಮೊಗ್ಗು ಸಪುರವಾಗಿ ಅಚ್ಚಬಿಳುಪಾಗಿರುತ್ತದೆ. ಪರಿಮಳವು ಅಲ್ಪವೆಂಬುದೊಂದೇ ಕೊರತೆ. ಉಡುಪಿಯ ಕಡೆಯ ಶಂಕರಪುರದ ಮಲ್ಲಿಗೆಯು ಚಳಿಯಲ್ಲಿಯೂ ಅಷ್ಟಿಷ್ಟು ಬರುವುದು ನಿಜ. ಎಂಟುನೂರು ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ ಎಂಬುದು ಅಲ್ಲಿಯ ಲೆಕ್ಕ. ಇಳುವರಿಯು ಕುಗ್ಗಿದಾಗ ಅಟ್ಟೆಯ ಬೆಲೆಯು ಎಲ್ಲಿಗೆ ಏರುವುದೆಂಬುದನ್ನು ಮದುವೆ ಮಾಡಿದವರು ಬಲ್ಲರು. ಕೃತಕ ಮೊಗ್ಗಿನ ಜಡೆಗಳು ದಿನಬಾಡಿಗೆಗೆ ದೊರೆಯುತ್ತವೆ. ಅವುಗಳ ವಿಚಾರವನ್ನು ಇಲ್ಲಿ ಬೆಳೆಸುವುದಿಲ್ಲ.

ಸೇವಂತಿಗೆಯು ಈ ಋತುವಿನ ರಾಣಿ. ಅದು ಜಡೆಗೆ ಭಾರ, ತುರುಬಿಗೆ ಭೂಷಣ. ಬೇಲೂರಿನ ಮದನಿಕೆಯಂತೆ ಕೂದಲನ್ನು ಹಿಂದೆ ದುಂಡಗೆ ಕಟ್ಟಿ, ಬುಡಕ್ಕೆ ಕಾಕಡದ ದಂಡೆಯನ್ನು ಎರಡು ಸುತ್ತು ಸುತ್ತಿ, ಪಕ್ಕದಲ್ಲಿ ಒಂದೋ ಎರಡೋ ಹಳದಿ ಸೇವಂತಿಗೆಯನ್ನಿಟ್ಟರೆ ಯಾವ ವಧುವಿಗೂ ಕಡಮೆಯಾಗದು. ಜಡೆಯೇ ಬೇಕೆಂಬವಳು ಹೆರಳಿನ ಮೇಲೆ ನಾಗರ, ಜಡೆಬಿಲ್ಲೆಗಳನ್ನು ಮಾತ್ರ ಧರಿಸಿ, ಹೂವನ್ನು ಬುಡದ ಒಂದು ದಂಡೆಗೆ ಮಿತಿಗೊಳಿಸಬಹುದು. ಕಪ್ಪು ಕೂದಲು ಕಾಣಿಸುವುದು ಅಪರಾಧವಲ್ಲ.

ಮುಡಿಯನ್ನು ಆರಿಸುವಾಗ ಶಾಸ್ತ್ರದ ಕೆಲಸಗಳನ್ನೂ ಲಕ್ಷ್ಯದಲ್ಲಿಡಬೇಕು. ಹಣೆಗೆ ಬಾಸಿಂಗವನ್ನು ಕಟ್ಟುವವರಲ್ಲಿ ಮುಂದಲೆಯು ಸಮವಾಗಿರಬೇಕು. ಜೀರಿಗೆ ಬೆಲ್ಲವನ್ನು ನೆತ್ತಿಯ ಮೇಲಿಡುವುದರಿಂದ ಅಲ್ಲಿ ಹೂವನ್ನಾಗಲಿ ಕೂದಲಿನ ಗೋಪುರವನ್ನಾಗಲಿ ಕಟ್ಟಬಾರದು. ಬೆಲ್ಲವು ಅಂಟಿದ ಗೋಪುರವನ್ನು ಬಿಡಿಸುವುದು ಸಾಮಾನ್ಯ ಕಷ್ಟವಲ್ಲ. ಮಾಂಗಲ್ಯಧಾರಣೆಯಲ್ಲಿ ಹಿಂದೆ ನಿಂತ ಮುತ್ತೈದೆಯು ಜಡೆಯನ್ನು ಎತ್ತಿಹಿಡಿಯಬೇಕಾಗುವುದು; ತುರುಬಾದರೆ ಕತ್ತು ತಾನೇ ತೆರವಾಗಿರುತ್ತದೆ.

ಚಳಿಗಾಲದಲ್ಲಿ ಮುಖ್ಯವಾದುದು ಕೂದಲಿನ ತೇವ. ಕೊಬ್ಬರಿಯೆಣ್ಣೆಯು ಮುಂಜಾವದಲ್ಲಿ ಹೆಪ್ಪುಗಟ್ಟುವುದರಿಂದ ಅದನ್ನು ಬೆಚ್ಚಗೆ ಮಾಡಿ ಹಚ್ಚಬೇಕು, ಅಥವಾ ಎಳ್ಳೆಣ್ಣೆಯನ್ನು ಉಪಯೋಗಿಸಬೇಕು. ಬೆಳಗಿನ ಮುಹೂರ್ತಕ್ಕೆ ನಸುಕಿನಲ್ಲಿ ಎರೆದುಕೊಂಡ ತಲೆಯನ್ನು ಹಸಿಯಾಗಿರುವಾಗಲೇ ಹೆಣೆದು ಅದರ ಮೇಲೆ ಹೂವನ್ನು ಹೇರುವುದು ಸರಿಯಲ್ಲ. ತಲೆಗೆ ಹಿಂದಿನ ದಿನವೇ ಎಣ್ಣೆನೀರಾಗಿ, ಕೂದಲು ಚೆನ್ನಾಗಿ ಆರಿ, ಬೆಳಿಗ್ಗೆ ಸಾಂಬ್ರಾಣಿಯ ಹೊಗೆಯನ್ನು ಹಿಡಿಸುವುದು ಉತ್ತಮ. ಪಾರ್ವತಿಯ ಪ್ರಸಾಧಿಕೆಯು ಮಾಡಿದ್ದೂ ಇದನ್ನೇ. ಕಾಕಡಕ್ಕಿಲ್ಲದ ಪರಿಮಳವನ್ನು ಈ ಹೊಗೆಯು ಕೊಡುವುದು. ಮಾಘದ ಮದುವೆಯಾದರೆ ನಾಲ್ಕು ಎಸಳು ದವನವನ್ನು ತುರುಬಿನ ಒಳಗೆ, ಹೊರಗೆ ಕಾಣದಂತೆ ಸೇರಿಸಿಡಬೇಕು. ಮಾರ್ಗಶಿರಕ್ಕೆ ದವನವು ಬೆಳೆದಿರುವುದಿಲ್ಲ. ಆಗ ಮರುಗವೇ ಗತಿ.