ಮುಳ್ಳಿನಿಂದ ದೀಪಕ್ಕೆ: ಕಾರಿನ ಎಚ್ಚರಿಕೆಯ ಕಥೆ

ಕಾರಿನ ಕೀಲಿಯನ್ನು ಅರ್ಧ ತಿರುಗಿಸಿದಾಗ, ಇಂಜಿನ್ ಚಾಲೂ ಆಗುವ ಮೊದಲು, ಚಾಲಕನ ಎದುರಿನ ಫಲಕದಲ್ಲಿ ಹಲವು ದೀಪಗಳು ಒಟ್ಟಿಗೆ ಬೆಳಗುವುದನ್ನು ನೀವು ಗಮನಿಸಿರಬಹುದು. ಎಣ್ಣೆಗಿಂಡಿಯ ಚಿತ್ರವಿರುವ ಕೆಂಪು ದೀಪವೂ ಅವುಗಳಲ್ಲೊಂದು. ಇಂಜಿನ್ ಓಡತೊಡಗಿದೊಡನೆ ಅದು ಆರುತ್ತದೆ. ಆರಿದ ಮಾತ್ರಕ್ಕೆ ಎಲ್ಲವೂ ಸರಿಯಿದೆಯೆ?

ಮೊದಲು ಬಂದದ್ದು ದೀಪವಲ್ಲ, ಮುಳ್ಳು. ಫ್ರಾನ್ಸಿನ ಯೂಜೀನ್ ಬೋರ್ಡನ್ 1849ರಲ್ಲಿ ಪೇಟೆಂಟ್ ಪಡೆದ ಒತ್ತಡಮಾಪಕದಲ್ಲಿ ಬಿಲ್ಲಿನಂತೆ ಬಾಗಿದ, ಚಪ್ಪಟೆಯಾದ ಲೋಹದ ಕೊಳವೆಯಿದೆ. ಒಳಗಿನ ಒತ್ತಡ ಹೆಚ್ಚಿದಂತೆ ಕೊಳವೆ ನೆಟ್ಟಗಾಗಲು ನೋಡುತ್ತದೆ. ಈ ಅಲ್ಪ ಚಲನೆಯನ್ನು ಹಲ್ಲುಚಕ್ರಗಳು ದೊಡ್ಡದು ಮಾಡಿ ಮುಳ್ಳಿಗೆ ಮುಟ್ಟಿಸುತ್ತವೆ. ಹಬೆಯಂತ್ರಗಳ ಕಾಲದ ಈ ಮಾಪಕವೇ ಮುಂದೆ ಕಾರುಗಳಲ್ಲಿ ಆಯಿಲಿನ ಒತ್ತಡವನ್ನು ತೋರಿಸಿತು. ಇಂಜಿನ್ನಿನ ಬಿಸಿಯನ್ನು ತಿಳಿಯಲು 1912ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಆದ ಬಾಯ್ಸ್ ಮೋಟೋಮೀಟರ್ ಇತ್ತು. ಅದು ರೇಡಿಯೇಟರಿನ ಮುಚ್ಚಳದ ಮೇಲೆ ನೆಟ್ಟ ಉಷ್ಣತಾಮಾಪಕ. ಚಾಲಕ ಕುಳಿತಲ್ಲಿಂದಲೇ ಅದನ್ನು ಓದಬೇಕಿತ್ತು!

1930ರ ದಶಕದಲ್ಲಿ ಅಮೆರಿಕದ ಹಡ್ಸನ್ ಕಂಪನಿ ಮಾಪಕದ ಬದಲು ದೀಪವನ್ನಿಟ್ಟಿತು. ಈಗಲೂ ಬಳಕೆಯಲ್ಲಿರುವ ಇಂಥ ದೀಪದ ಸ್ವಿಚ್ಚು ತೀರ ಸರಳ. ಆಯಿಲಿನ ಒತ್ತಡ ಒಂದು ತೆಳುಪೊರೆಯನ್ನು ಸ್ಪ್ರಿಂಗಿನ ವಿರುದ್ಧ ತಳ್ಳಿ ವಿದ್ಯುತ್ ಮಂಡಲವನ್ನು ಬಿಡಿಸುತ್ತದೆ. ಒತ್ತಡ ಕುಸಿದರೆ ಮಂಡಲ ಕೂಡಿಕೊಂಡು ದೀಪ ಹೊತ್ತುತ್ತದೆ. ಅಗ್ಗದ, ಯಾರಿಗೂ ಅರ್ಥವಾಗುವ ಉಪಾಯ. ಆದರೆ ಅನೇಕ ಕಾರುಗಳಲ್ಲಿ ಈ ಸ್ವಿಚ್ಚು ಎಚ್ಚೆತ್ತುಕೊಳ್ಳುವುದು ಒತ್ತಡ ಅರ್ಧ ಬಾರ್‌ನಷ್ಟು ಕೆಳಗಿಳಿದಾಗ. ವೇಗವಾಗಿ ಓಡುವ ಇಂಜಿನ್ನಿಗೆ ಬೇಕಾದದ್ದು ಹಲವು ಬಾರ್. ನಾಲ್ಕರಿಂದ ಒಂದಕ್ಕೆ ಇಳಿದರೂ ದೀಪಕ್ಕೆ ಅದರ ಪರಿವೆಯಿಲ್ಲ. ಅದು ಹೊತ್ತುವ ವೇಳೆಗೆ ಬೇರಿಂಗುಗಳು ಸವೆದಿರಬಹುದು. ಇಂಗ್ಲಿಷ್ ಮಾತಾಡುವ ಚಾಲಕರು ಇದಕ್ಕೆ ‘ಪೆದ್ದರ ದೀಪ’ ಎಂಬರ್ಥದ ಅಡ್ಡಹೆಸರಿಟ್ಟರು. ಪೆದ್ದುತನ ಚಾಲಕನದೋ ದೀಪದ್ದೋ ಎಂಬುದು ಬೇರೆ ಮಾತು.

ಸ್ಪೋರ್ಟ್ಸ್ ಕಾರುಗಳಲ್ಲಿ ಮುಳ್ಳು ಉಳಿದುಕೊಂಡದ್ದಕ್ಕೆ ಭೌತಿಕ ಕಾರಣವಿದೆ. ವೇಗದ ತಿರುವಿನಲ್ಲಿ ಇಂಜಿನ್ನಿನ ತಳದ ಆಯಿಲ್ ಒಂದು ಬದಿಗೆ ಸರಿದು, ಪಂಪು ಗಾಳಿಯನ್ನು ಹೀರಿ, ಒತ್ತಡ ಕ್ಷಣಕಾಲ ಬೀಳಬಹುದು. 1963ರಲ್ಲಿ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ ಕಾಣಿಸಿಕೊಂಡ ಪೋರ್ಶೆ 911 ಇದಕ್ಕಾಗಿಯೇ ಆಯಿಲನ್ನು ಪ್ರತ್ಯೇಕ ತೊಟ್ಟಿಯಲ್ಲಿಟ್ಟಿತು. ಅದರ ಪ್ರಸಿದ್ಧ ಐದು ಮೀಟರುಗಳ ಸಾಲಿನಲ್ಲಿ ನಡುವೆ ದೊಡ್ಡದಾಗಿ ಕೂತದ್ದು ವೇಗಮಾಪಕವಲ್ಲ, ಇಂಜಿನ್ನಿನ ಸುತ್ತುಗಳನ್ನು ತೋರಿಸುವ ಮೀಟರು. ಪಕ್ಕದಲ್ಲಿ ಆಯಿಲಿನ ಒತ್ತಡ, ಉಷ್ಣತೆ, ಮಟ್ಟ. ಗಾಳಿಯಿಂದ ತಂಪಾಗುವ ಇಂಜಿನ್ ಆದ್ದರಿಂದ ನೀರಿನ ಮೀಟರಿಗೆ ಅಲ್ಲಿ ಕೆಲಸವೇ ಇರಲಿಲ್ಲ.

ಆದರೆ ಮುಳ್ಳಿದ್ದರೆ ಸಾಕೆ? 1989ರಲ್ಲಿ ಬಂದ ಜಪಾನಿನ ಮಾಜ್ದಾ ಎಂಎಕ್ಸ್-5ರಲ್ಲಿ ಮೊದಲು ನಿಜವಾದ ಆಯಿಲ್ ಒತ್ತಡಮಾಪಕವಿತ್ತು. 1990ರ ದಶಕದ ಮಧ್ಯದಲ್ಲಿ ಅದರ ಹಿಂದೆ ಸ್ವಿಚ್ಚು ಬಂತು. ಒತ್ತಡ ಕನಿಷ್ಠಕ್ಕಿಂತ ಮೇಲಿದ್ದರೆ ಮುಳ್ಳು ನಡುವೆ ನಿಲ್ಲುತ್ತದೆ, ಇಲ್ಲವಾದರೆ ಸೊನ್ನೆಗೆ ಬೀಳುತ್ತದೆ. ನೋಡಲು ಮಾಪಕ, ಕೆಲಸದಲ್ಲಿ ದೀಪ! ನನಗೆ ಇದು ದೀಪಕ್ಕಿಂತ ಕೆಟ್ಟದ್ದೆನಿಸುತ್ತದೆ. ದೀಪವಾದರೂ ತಾನು ಅಳೆಯುತ್ತೇನೆಂದು ಹೇಳಿಕೊಳ್ಳುವುದಿಲ್ಲ.

ಅಮೆರಿಕದಲ್ಲಿ 1996ರ ಮಾದರಿಗಳಿಂದ ಕಡ್ಡಾಯವಾದ ಒಬಿಡಿ-2 ವ್ಯವಸ್ಥೆ ಹಳದಿ ಇಂಜಿನ್ ದೀಪದ ಹಿಂದೆ ಕಂಪ್ಯೂಟರನ್ನಿಟ್ಟಿತು. ಅಲ್ಲಿ ದೋಷದ ಸಂಕೇತ ದಾಖಲಾಗಿರುತ್ತದೆ. ಈ ದೀಪ ಮಿನುಗತೊಡಗಿದರೆ ಸಿಲಿಂಡರಿನಲ್ಲಿ ಇಂಧನ ಸರಿಯಾಗಿ ಉರಿಯುತ್ತಿಲ್ಲ, ಹೊಗೆ ಶುದ್ಧಗೊಳಿಸುವ ಪರಿವರ್ತಕ ಹಾಳಾಗಬಹುದು ಎಂದರ್ಥ.

ಗಿಂಡಿಯ ದೀಪ ಹೇಳುವುದು ಒತ್ತಡವನ್ನು, ಆಯಿಲಿನ ಮಟ್ಟವನ್ನಲ್ಲ. ಮಟ್ಟಕ್ಕೆ ಅಳತೆಕಡ್ಡಿಯನ್ನೇ ನೋಡಬೇಕು. ಸಾಮಾನ್ಯ ಕಾರಿನಲ್ಲಿ ಸಮತಟ್ಟು ನೆಲದಲ್ಲಿ ಇಂಜಿನ್ ನಿಲ್ಲಿಸಿ, ಆಯಿಲ್ ತಳಕ್ಕಿಳಿಯಲು ಕೆಲವು ನಿಮಿಷ ಬಿಟ್ಟು ಕಡ್ಡಿ ಎಳೆಯುತ್ತೇವೆ. ಹಳೆಯ 911ರಲ್ಲಿ ಇದು ತಿರುಗುಮುರುಗು: ಇಂಜಿನ್ ಚೆನ್ನಾಗಿ ಬಿಸಿಯಾಗಿ, ನಿಂತಲ್ಲೇ ಓಡುತ್ತಿರುವಾಗ ನೋಡಬೇಕು. ತಣ್ಣಗಿರುವಾಗ ನೋಡಿ ‘ಕಡಿಮೆಯಿದೆ’ ಎಂದು ಸುರಿದವರ ತೊಟ್ಟಿಯಲ್ಲಿ ಆಯಿಲ್ ಮಿತಿಮೀರುತ್ತದೆ.