ದಿನಬಳಕೆಯ ತರಕಾರಿಗಳಲ್ಲಿ ಉತ್ಕರ್ಷಣ ನಿರೋಧಕಗಳು

ಸ್ವರೂಪ

ಜೀವಕೋಶಗಳು ಆಮ್ಲಜನಕವನ್ನು ಬಳಸಿ ಶಕ್ತಿಯನ್ನು ಉತ್ಪಾದಿಸುವಾಗ ಮುಕ್ತ ರ‍್ಯಾಡಿಕಲ್‌ಗಳೆಂಬ ಅಸ್ಥಿರ ಕಣಗಳು ಹುಟ್ಟುತ್ತವೆ. ಜೋಡಿಯಿಲ್ಲದ ಎಲೆಕ್ಟ್ರಾನ್ ಹೊಂದಿರುವ ಇವು ನೆರೆಯ ಅಣುಗಳಿಂದ ಎಲೆಕ್ಟ್ರಾನ್ ಕಸಿದು ಕೋಶಪೊರೆಯ ಕೊಬ್ಬಿಗೂ ಡಿಎನ್‌ಎಗೂ ಹಾನಿ ಮಾಡಬಲ್ಲವು. ತಾನೇ ಎಲೆಕ್ಟ್ರಾನ್ ಕೊಟ್ಟು ಈ ಸರಪಳಿ ಕ್ರಿಯೆಯನ್ನು ನಿಲ್ಲಿಸುವ ವಸ್ತುವೇ ಉತ್ಕರ್ಷಣ ನಿರೋಧಕ, ಅಂದರೆ ಆಂಟಿಆಕ್ಸಿಡೆಂಟ್. ಕೆಲವನ್ನು ದೇಹವೇ ತಯಾರಿಸಿಕೊಳ್ಳುತ್ತದೆ. ಸಿ ಮತ್ತು ಇ ಜೀವಸತ್ವಗಳು, ಕ್ಯಾರೊಟಿನಾಯ್ಡ್‌ಗಳು, ಪಾಲಿಫಿನಾಲ್‌ಗಳು ಆಹಾರದಿಂದಲೇ ಬರಬೇಕು.

ತರಕಾರಿಯಲ್ಲಿ ಇರುವ ಜಾಗ

ನೇರಳೆ ಬದನೆಯ ಸಿಪ್ಪೆಗೆ ಬಣ್ಣ ಕೊಡುವ ಆಂಥೊಸಯನಿನ್ ಇಂಥದೊಂದು ವಸ್ತು. ಉಡುಪಿಯ ಹಸಿರು ಬದನೆಯಾದ ಮಟ್ಟುಗುಳ್ಳದಲ್ಲಿ ಆ ನೇರಳೆ ಬಣ್ಣವಿಲ್ಲ. ಆದರೆ ಬದನೆಯ ತಿರುಳಿನಲ್ಲಿ ಕ್ಲೋರೊಜೆನಿಕ್ ಆಮ್ಲವೆಂಬ ಇನ್ನೊಂದು ನಿರೋಧಕವಿರುತ್ತದೆ. ಹೆಚ್ಚಿದ ಬದನೆ ಕಪ್ಪಾಗುವುದು ಈ ಆಮ್ಲದಿಂದಲೇ: ಕಿಣ್ವವೊಂದು ಗಾಳಿಯ ಆಮ್ಲಜನಕದ ನೆರವಿನಿಂದ ಅದನ್ನು ಉತ್ಕರ್ಷಿಸುತ್ತದೆ. ಹೋಳುಗಳನ್ನು ನೀರಿಗೆ ಹಾಕಿದರೆ ಗಾಳಿಯ ಸಂಪರ್ಕ ತಗ್ಗಿ ಕ್ರಿಯೆ ನಿಧಾನವಾಗುತ್ತದೆ.

ಈರುಳ್ಳಿಯ ಕ್ವೆರ್ಸೆಟಿನ್ ಹೊರಪದರಗಳಲ್ಲಿ ಹೆಚ್ಚು. ಸಿಪ್ಪೆಯೊಂದಿಗೆ ಒಂದೆರಡು ತಿರುಳಿನ ಪದರಗಳನ್ನೂ ಕಿತ್ತೆಸೆಯುವ ಅವಸರ ಆದ್ದರಿಂದ ದುಬಾರಿ. ಹಂಗೆರಿಯ ವಿಜ್ಞಾನಿ ಆಲ್ಬರ್ಟ್ ಸೆಂಟ್-ಜಾರ್ಜಿ ಸಿ ಜೀವಸತ್ವವನ್ನು ದೊಡ್ಡ ಪ್ರಮಾಣದಲ್ಲಿ ಬೇರ್ಪಡಿಸಿದ್ದು ಮೆಣಸಿನಕಾಯಿಯ ಬಂಧುವಾದ ಪ್ಯಾಪ್ರಿಕಾದಿಂದ; ಅವರಿಗೆ 1937ರಲ್ಲಿ ನೊಬೆಲ್ ಪುರಸ್ಕಾರ ದೊರೆಯಿತು. ಹಸಿಮೆಣಸಿನಕಾಯಿಯಲ್ಲೂ ಅದು ಸಮೃದ್ಧವಾಗಿದೆ, ಎಷ್ಟು ತಿನ್ನಬೇಕೆಂಬುದು ಮಾತ್ರ ಅವರವರ ಖಾರದ ರುಚಿಗೆ ಬಿಟ್ಟದ್ದು.

ಒಲೆಯ ಮೇಲೆ ಆಗುವ ಬದಲಾವಣೆ

ಬೇಯಿಸಿದರೆ ಸತ್ವವೆಲ್ಲ ನಾಶವಾಗುತ್ತದೆಂಬ ನಂಬಿಕೆ ಅರ್ಧ ಸತ್ಯ. ಸಿ ಜೀವಸತ್ವ ಬಿಸಿಗೆ ಕೆಡುತ್ತದೆ, ನೀರಿನಲ್ಲಿ ಕರಗಿಹೋಗುತ್ತದೆ. ಟೊಮೇಟೊದ ಕೆಂಪು ವರ್ಣದ್ರವ್ಯವಾದ ಲೈಕೊಪೀನ್ ವಿಷಯ ಬೇರೆ: ಬೆಂದಾಗ ಕೋಶಭಿತ್ತಿ ಸಡಿಲಗೊಂಡು ಅದು ದೇಹಕ್ಕೆ ಸುಲಭವಾಗಿ ದಕ್ಕುತ್ತದೆ. ಲೈಕೊಪೀನಿನಂತೆ ನುಗ್ಗೆಸೊಪ್ಪಿನ ಬೀಟಾ ಕ್ಯಾರೊಟೀನ್ ಕೂಡ ಕೊಬ್ಬಿನಲ್ಲಿ ಕರಗುವಂಥದ್ದು. ಪಲ್ಯದ ಒಗ್ಗರಣೆ ಎಣ್ಣೆಯೂ ತೆಂಗಿನತುರಿಯೂ ಅದರ ಹೀರಿಕೆಗೆ ನೆರವಾಗುತ್ತವೆ. ಸೊಪ್ಪು ಬೇಯಿಸಿ ಬಸಿದ ಕಟ್ಟನ್ನು ಚೆಲ್ಲದೆ ಸಾರು ಮಾಡುವ ಬಸ್ಸಾರಿನ ಕ್ರಮ ಇನ್ನೂ ಜಾಣತನದ್ದು. ನೀರಿಗಿಳಿದ ಪಾಲಿಫಿನಾಲ್‌ಗಳು ಊಟದ ತಟ್ಟೆಗೇ ಮರಳುತ್ತವೆ.

ಮಾತ್ರೆಗಳ ಮಿತಿ

ತರಕಾರಿಯ ಗುಣವನ್ನು ಮಾತ್ರೆಯಲ್ಲಿ ತುಂಬುವ ಯತ್ನ ಸರಳವಾಗಿ ಫಲಿಸಿಲ್ಲ. ಫಿನ್‌ಲೆಂಡಿನಲ್ಲಿ 29,133 ಪುರುಷ ಧೂಮಪಾನಿಗಳ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 1994ರಲ್ಲಿ ಪ್ರಕಟವಾಯಿತು. ನಿತ್ಯ 20 ಮಿಲಿಗ್ರಾಂ ಬೀಟಾ ಕ್ಯಾರೊಟೀನ್ ಸೇವಿಸಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ತಗ್ಗುವ ಬದಲು ಶೇ. 18ರಷ್ಟು ಹೆಚ್ಚಿತ್ತು. ಅಮೆರಿಕದಲ್ಲಿ ಇಂಥದೇ ಇನ್ನೊಂದು ಪರೀಕ್ಷೆಯನ್ನು 1996ರಲ್ಲಿ ಅವಧಿಗೆ ಮುನ್ನವೇ ನಿಲ್ಲಿಸಲಾಯಿತು.