ತೊಟ್ಟಿ ಮನೆಯ ಒಳಗಿನ ಆಕಾಶ

ಮಲೆನಾಡಿನ ದೊಡ್ಡ ಮನೆಗಳ ನಡುವೆ ಆಕಾಶಕ್ಕೆ ತೆರೆದ ಒಂದು ಚೌಕವಿರುತ್ತದೆ; ಅದೇ ತೊಟ್ಟಿ. ತೀರ್ಥಹಳ್ಳಿ ಬಳಿಯ ಕುಪ್ಪಳಿಯಲ್ಲಿ ಇಂದು ಸ್ಮಾರಕವಾಗಿರುವ ಕುವೆಂಪು ಅವರ ಮನೆಯನ್ನು ಹೊಕ್ಕವರಿಗೆ ಇದು ಕೂಡಲೇ ಮನವರಿಕೆಯಾಗುತ್ತದೆ. ಹೊಸ್ತಿಲು ದಾಟಿ ಒಳಗೆ ಬಂದರೂ ಬಿಸಿಲು, ಗಾಳಿ ಜೊತೆಗೇ ಬರುತ್ತವೆ.

ನಾಲ್ಕೂ ಕಡೆಯ ಮಾಡು ಒಳಮುಖವಾಗಿ ಇಳಿದು ಮಳೆನೀರನ್ನು ಅಂಗಳಕ್ಕೆ ಸುರಿಸುತ್ತದೆ. ಸೂರಿನಡಿ ಹಂಡೆ ಇಟ್ಟರೆ ಬಳಕೆಗೆ ನೀರು. ಉಳಿದದ್ದು ಕಲ್ಲಿನ ಕಿಂಡಿಯಿಂದ ಹೊರಗೆ. ಸುತ್ತಲಿನ ಜಗಲಿ ಮಾತ್ರ ನೆನೆಯದು. ಅಡಿಕೆ ಸುಲಿಯುವುದು, ಮಕ್ಕಳ ಓದು, ನೆಂಟರ ಹರಟೆ, ಮಧ್ಯಾಹ್ನದ ನಿದ್ದೆ ಎಲ್ಲಕ್ಕೂ ಅದೇ ಜಾಗ. ಮನೆಯ ನಿಜವಾದ ಬದುಕು ನಡೆದದ್ದು ಕೋಣೆಗಳಲ್ಲಲ್ಲ, ಈ ಜಗಲಿಯಲ್ಲಿ.

ಮಾಡಿಗೆ ಮೊದಲು ಹುಲ್ಲು, ಅಡಿಕೆ ಸೋಗೆಯ ಹೊದಿಕೆ; ವರ್ಷವರ್ಷ ಬದಲಿಸುವ ಪಾಡು. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆಯಿತು. ಒಂದಕ್ಕೊಂದು ಕಚ್ಚಿಕೊಳ್ಳುವ ಆ ಕೆಂಪು ಹೆಂಚು ಕ್ರಮೇಣ ಘಟ್ಟ ಹತ್ತಿತು. ಹೊದಿಕೆ ಬದಲಾಯಿತು, ತೊಟ್ಟಿ ಉಳಿಯಿತು.

ತೊಟ್ಟಿಯನ್ನು ಅಳಿಸಿದ್ದು ಹಿಸ್ಸೆ. ಅವಿಭಕ್ತ ಕುಟುಂಬ ಒಡೆದಾಗ ಅಂಗಳದ ನಡುವೆಯೇ ಗೋಡೆ ಎದ್ದಿತು. ಮುಂದೆ ಬಂದ ತಾರಸಿ ಮನೆಗಳು ಆಕಾಶವನ್ನು ಪೂರ್ತಿ ಹೊರಗಿಟ್ಟವು. ಈಗ ಬೆಂಗಳೂರಿನ ಕೆಲವು ವಾಸ್ತುಶಿಲ್ಪಿಗಳು ಇಕ್ಕಟ್ಟಾದ ನಿವೇಶನದಲ್ಲೂ ಅದೇ ಚೌಕಕ್ಕೆ ಜಾಗ ಬಿಡುತ್ತಿದ್ದಾರೆ.